ಗಾಳೆಮ್ಮನ ಹತ್ತು ಊರು

ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡನ್ನು ಒಲೆಗೆ ಹಾಕಿದರೆ ಒಂದು ಹೊಗೆ ಬರುತ್ತದೆ. ಜಾಲಿ ಸೌದೆಯ ಹೊಗೆಯ ಹಾಗೆ ಕಣ್ಣು ಉರಿಸುವುದಿಲ್ಲ. ಹಾಲು ತಳ ಹಿಡಿದಾಗಿನ ವಾಸನೆ ಅದಕ್ಕೆ. ಕಳೆದ ತಿಂಗಳು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ ಬಾಣಂತಿಯನ್ನು ನೋಡಲು ಹೋಗಿದ್ದೆ. ಆ ಮನೆಯ ಬಚ್ಚಲಿನಿಂದ ಅದೇ ಹೊಗೆ ಬಂತು. ಚಪ್ಪಲಿ ಬಿಡುತ್ತಿದ್ದವಳು ಒಂದು ಕಾಲಲ್ಲಿ ಹಾಗೇ ನಿಂತೆ. ಒಳಗಿನಿಂದ ಯಾರೋ "ಬರ್ರಿ ಸಿಸ್ಟರ್" ಅಂದರು. ನನಗೆ ಆ ಹೊತ್ತಿಗೆ ನೆನಪಾದದ್ದು ಬೇರೆ ಮನೆ, ಬೇರೆ ಕೂಸು, ಮತ್ತು ಒಂದು ಕಾರ್ಡಿನ ಮೇಲೆ ನಾನೇ ಬರೆದು ಆಮೇಲೆ ನಾನೇ ಗೀಟು ಹೊಡೆದ ಒಂದು ಪದ.

ನಾನು ನರ್ಸ್. ಹುಟ್ಟೂರು ಹಡಗಲಿ. ಆರು ವರ್ಷದ ಹಿಂದೆ ಹರಪನಹಳ್ಳಿ ತಾಲ್ಲೂಕಿನಲ್ಲಿ, ಬಾಗಳಿ ದಾಟಿ ಸ್ವಲ್ಪ ದೂರದ ಒಂದು ಊರಿನ ಉಪಕೇಂದ್ರಕ್ಕೆ ನನ್ನ ಮೊದಲ ಪೋಸ್ಟಿಂಗ್ ಆಯಿತು. ಎರಡು ಕೋಣೆ, ಒಂದು ತೂಕದ ಯಂತ್ರ, ಲಸಿಕೆಯ ಡಬ್ಬಿ, ಗೋಡೆಯ ಮೇಲೆ ನಗುವ ಕೂಸಿನ ಚಿತ್ರ. ಆಗ ನನಗೆ ಇಪ್ಪತ್ತಾರು. ಓದಿದ್ದೆಲ್ಲ ನೆನಪಿದ್ದ ವಯಸ್ಸು. ಓದದವರ ಮಾತು ಕಿವಿಗೆ ಬೀಳದ ವಯಸ್ಸೂ ಹೌದು.

ಆ ವರ್ಷ ಮುಂಗಾರಿನ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಬಂತು. ಊರಿಗೆ ಊರೇ ಮೆಕ್ಕೆಜೋಳ ಬಿತ್ತಲು ಹೊಲ ಸೇರಿದ ವಾರದಲ್ಲಿ ರೇಣುಕಾ ಹರಪನಹಳ್ಳಿ ಆಸ್ಪತ್ರೆಯಿಂದ ಹೆಣ್ಣುಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಕೊಟ್ಟೂರಿಗೆ ಕೊಟ್ಟ ಹುಡುಗಿ, ಇದು ಚೊಚ್ಚಲ. ಬಾಣಂತನ ಮಾಡುವವಳು ತಾಯಿ ಕೊಟ್ರಮ್ಮ. ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ದಿನಾ ಗಾಳೆಮ್ಮ ಬರುತ್ತಿದ್ದಳು.

ಗಾಳೆಮ್ಮನಿಗೆ ಅರವತ್ತೈದು ದಾಟಿತ್ತು. ಆ ಊರಿನ ಅರ್ಧ ಜನರ ತಲೆ ಹದಗೊಂಡಿದ್ದು ಅವಳ ಕೈಯಲ್ಲೇ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹಣೆ ನೀವಿ, ಮೂಗು ಜಗ್ಗಿ, ಕಡೆಗೆ ತಲೆಯನ್ನು ಎರಡು ಅಂಗೈ ನಡುವೆ ಹಿಡಿದು ನಾಲ್ಕೂ ಕಡೆ ಒತ್ತುತ್ತಿದ್ದಳು. ದುಂಡಾಗಲಿ ಅಂತ. ಅದು ಸಾಲದ್ದಕ್ಕೆ ಕೊಟ್ರಮ್ಮ ಹಳೇ ಸೀರೆ ಸುತ್ತಿ, ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ ಅಂಥದ್ದೇ ಒಂದು ಪುಟ್ಟ ಸಿಂಬಿ ಮಾಡಿ, ತೊಟ್ಟಿಲಲ್ಲಿ ಕೂಸಿನ ತಲೆಯನ್ನು ಅದರೊಳಗೆ ಕೂರಿಸಿದ್ದಳು.

ನಾನು ಮೊದಲ ಸಲ ಹೋದಾಗ ಕಂಡದ್ದು ಅದು.

"ಏನಿದು?" ಅಂದೆ.

"ಸಿಂಬಿ ಅಲ್ಲೇನ್ರೀ. ತಲಿ ದುಂಡಗ ಕೂಡ್ಲಿ ಅಂತ," ಅಂದಳು ಕೊಟ್ರಮ್ಮ. "ರೇಣುಕಾಗೂ ಇಟ್ಟಿದ್ದೆ. ನೋಡ್ರಿ ಈಕಿ ತಲಿ ಹೆಂಗೈತಿ!" ಅಂತ ಮಗಳ ತಲೆ ಹಿಡಿದು ಸಂತೆಯಲ್ಲಿ ಕುಂಬಳಕಾಯಿ ತೋರಿಸುವ ಹಾಗೆ ಆ ಕಡೆ ಈ ಕಡೆ ತಿರುಗಿಸಿದಳು. ರೇಣುಕಾ ನಾಚಿಕೊಂಡು ಬಿಡಿಸಿಕೊಂಡಳು.

ಸಿಂಬಿ ತೆಗೆಸಿದೆ. ಮಲಗಿದ ಕೂಸಿನ ಹತ್ತಿರ ದಿಂಬು, ಸಿಂಬಿ, ಮೆತ್ತನೆಯದು ಯಾವುದೂ ಇರಬಾರದು. ಮುಖಕ್ಕೆ ಬಿದ್ದರೆ ಉಸಿರು ಕಟ್ಟುತ್ತದೆ. ಅಂಗಾತ ಮಲಗಿಸಬೇಕು, ಅಷ್ಟೇ ಅಂದೆ. ಆಮೇಲೆ ಬಚ್ಚಲ ಬಾಗಿಲಿಗೆ ಹೋಗಿ ಗಾಳೆಮ್ಮನಿಗೂ ಹೇಳಿದೆ. "ಅಜ್ಜಿ, ತಲಿ ಒತ್ತೋದು ಇವತ್ತಿಗೆ ಬಿಡು. ಎಲುಬು ಇನ್ನಾ ಕೂಡಿಲ್ಲ."

"ಕೂಡಿದ ಮ್ಯಾಲ ಒತ್ತಿ ಏನ್ ಮಾಡ್ಲಿ?" ಅಂದಳು ಗಾಳೆಮ್ಮ. "ನನ್ನ ಕೈಯಾಗ ಒಂದು ತಲಿನೂ ಕೆಟ್ಟಿಲ್ಲ ನರ್ಸಮ್ಮ."

"ಕೆಟ್ಟಿದ್ರ ಆ ಕೂಸು ಬಂದು ನಿನಗ ಹೇಳತೈತೇನು?"

ಇದು ಬಹಳ ಜಾಣ ಮಾತು ಅಂತ ನನಗನಿಸಿತ್ತು. ದಾರಿಯುದ್ದಕ್ಕೂ ಅದನ್ನು ನೆನೆದು ನಗುತ್ತಾ ಬಂದೆ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ ಒಂದು ವಿಷಯದಲ್ಲಿ ನಾನು ಸರಿ ಇದ್ದದ್ದೇ ನನಗೆ ತಲೆಗೇರಿತು.

ಜೋಳ ಆಳೆತ್ತರವಾಗಿ ತುದಿಯಲ್ಲಿ ಸೂಲಂಗಿ ಒಡೆಯುವ ಹೊತ್ತಿಗೆ ಕೂಸಿಗೆ ಎರಡನೇ ಸುತ್ತಿನ ಲಸಿಕೆ. ಅಂಗನವಾಡಿಯಲ್ಲಿ ಹತ್ತು ಹನ್ನೆರಡು ತಾಯಂದಿರು ಕೂತಿದ್ದರು. ಗಾಳೆಮ್ಮ ಎತ್ತಿಕೊಂಡಿದ್ದ ಕೂಸಿನ ತಲೆಯಿಂದ ಕೊಟ್ರಮ್ಮ ಕುಲಾಯಿ ತೆಗೆದು ನನ್ನ ಮುಂದೆ ಹಿಡಿದಳು. ಹಿಂದಲೆಯ ಬಲಭಾಗ ಅಂಗೈಯಿಂದ ತಟ್ಟಿದಂತೆ ಚಪ್ಪಟೆಯಾಗಿತ್ತು. ಮೇಲಿನಿಂದ ನೋಡಿದರೆ ಬಲಗಿವಿ ಎಡಗಿವಿಗಿಂತ ಒಂದಿಷ್ಟು ಮುಂದಕ್ಕೆ ಸರಿದಿತ್ತು.

"ಸಿಂಬಿ ತೆಗಿಸಿದೋರು ನೀವ. ನೋಡ್ರಿ ಈಗ," ಅಂದಳು ಕೊಟ್ರಮ್ಮ, ಎಲ್ಲರಿಗೂ ಕೇಳುವಂತೆ.

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನನಗೆ ಕಿವಿ ಬಿಸಿಯಾಯಿತು. ಮೆತ್ತನೆಯ ತಲೆಬುರುಡೆ, ಒಂದೇ ಮಗ್ಗುಲಿಗೆ ಹೊರಳಿ ಮಲಗಿದರೆ ಆ ಕಡೆ ಚಪ್ಪಟೆಯಾಗುತ್ತದೆ, ಬಹಳ ಕೂಸುಗಳಿಗೆ ಆಗುತ್ತದೆ, ಒಳಗೆ ಮೆದುಳಿಗೆ ಏನೂ ಆಗುವುದಿಲ್ಲ, ಕೂತು ಆಡಲು ಶುರುಮಾಡಿದರೆ ತಾನೇ ದುಂಡಗಾಗುತ್ತಾ ಬರುತ್ತದೆ ಅಂತ ಪಾಠ ಒಪ್ಪಿಸಿದೆ. ಪಾಠವೇನೋ ಸರಿಯೇ. ಆದರೆ ಕೂಸನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಸೂಜಿ ಹಾಕಿ ತಾಯಿ ಕಾರ್ಡಿನ ಮೇಲೆ "ತಲೆಯ ಆಕಾರ ಸಹಜ" ಅಂತ ಬರೆದು ಸಹಿ ಮಾಡಿದೆ.

ಆಗ ಗಾಳೆಮ್ಮ ಮೆಲ್ಲಗೆ ಅಂದಳು, "ನರ್ಸಮ್ಮ, ಈ ಕೂಸು ಎಡಕ್ಕ ಹೊಳ್ಳಂಗಿಲ್ಲ ನೋಡ್ರಿ. ಎರಿಯೋವಾಗ ಎಡಕ್ಕ ತಿರುವಿದ್ರ ಸೆಟಿತೈತಿ."

"ಅಜ್ಜಿ, ಒತ್ತಾಕ ಬಿಡಲಿಲ್ಲ ಅಂತ ಸಿಟ್ಟೈತಿ ನಿನಗ. ಅದಕ್ಕ ಹೊಸಾದು ಒಂದು ತಗದಿ," ಅಂದೆ.

ಹೆಂಗಸರು ನಕ್ಕರು. ಗಾಳೆಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಕೂತುಬಿಟ್ಟಳು. ಎಲ್ಲರೂ ಎದ್ದ ಮೇಲೆ ರೇಣುಕಾ ಹಿಂದೆ ಉಳಿದಳು.

"ಸಿಸ್ಟರ್, ಐದು ತಿಂಗಳಿಗೆ ಕೊಟ್ಟೂರಿಂದ ಕರಿಯಾಕ ಬರ್ತಾರ. ಅಷ್ಟರಾಗ ಸರಿ ಆಕ್ಕೈತಿ ಅಲ್ರೀ?"

"ಆಕ್ಕೈತಿ."

"ನಮ್ಮತ್ತಿ ದಿನಾ ವಿಡಿಯೋ ಕಾಲ್ ಮಾಡ್ತಾರ. ನಾನು ಮಾರಿ ಅಷ್ಟ ತೋರಸ್ತೀನಿ. ಹೆಣ್ಣು ಕೂಸು, ತಲಿ ಸೊಟ್ಟ ಅಂದ್ರ..." ಕುಲಾಯಿಯ ದಾರ ಗಟ್ಟಿಯಾಗಿ ಕಟ್ಟಿದಳು. ಆ ಸೆಕೆಯಲ್ಲೂ ಆ ಕೂಸಿನ ತಲೆ ಬರಿದಾಗಿ ಇದ್ದದ್ದನ್ನು ನಾನು ಕಂಡದ್ದೇ ಕಡಿಮೆ.

ಮರುವಾರ ಅವರ ಮನೆಗೆ ಹೋದೆ. ಕೊಟ್ರಮ್ಮನ ಮಾತು ಚುಚ್ಚಿತ್ತು, ಕಾರಣ ಹುಡುಕಿ ತೋರಿಸಬೇಕಿತ್ತು. ತೊಲೆಗೆ ನೇತುಹಾಕಿದ ತೊಟ್ಟಿಲು ದಕ್ಷಿಣೋತ್ತರವಾಗಿತ್ತು; ಕೂಸಿನ ತಲೆ ಯಾವಾಗಲೂ ದಕ್ಷಿಣಕ್ಕೆ; ಬಾಗಿಲು ಪೂರ್ವಕ್ಕೆ, ಅಂದರೆ ಕೂಸಿನ ಬಲಕ್ಕೆ. ಬೆಳಕು, ಬರುವವರು ಹೋಗುವವರು, ಎಲ್ಲ ಆ ಕಡೆಯೇ. ಕೂಸು ಬಲಕ್ಕೇ ನೋಡಿ ನೋಡಿ ಬಲಭಾಗ ಚಪ್ಪಟೆಯಾಗಿದೆ. ಸಿಕ್ಕಿತು ಅಂದುಕೊಂಡೆ.

"ಒಂದಿನ ಬಿಟ್ಟು ಒಂದಿನ ತಲಿ ಕಡಿ ಕಾಲು, ಕಾಲಿನ ಕಡಿ ತಲಿ ಮಾಡ್ರಿ," ಅಂದೆ.

ಕೊಟ್ರಮ್ಮ ನನ್ನನ್ನು ಕೆಟ್ಟದಾಗಿ ನೋಡಿದಳು. "ಬಡಗಣಕ್ಕ ತಲಿನಾ? ಹಡಗಲ್ಯಾಗ ಹಾಕ್ತಾರೇನ್ರೀ ಹಂಗ?"

ಹಾಕುವುದಿಲ್ಲ. ನಮ್ಮವ್ವ ಈಗಲೂ ನನ್ನ ಹಾಸಿಗೆ ಯಾವ ಕಡೆ ಇದೆ ಅಂತ ಫೋನಿನಲ್ಲಿ ಕೇಳುತ್ತಾಳೆ. ನಾನೂ ಇವತ್ತಿನವರೆಗೆ ಉತ್ತರಕ್ಕೆ ತಲೆ ಹಾಕಿ ಮಲಗಿದವಳಲ್ಲ. ಹಾಗಾಗಿ ವಾದ ಮಾಡದೆ ಬೇರೆ ದಾರಿ ಹಿಡಿದೆ. ತೊಟ್ಟಿಲು ಬೇಡ, ನೆಲದ ಮೇಲೆ ಗಟ್ಟಿ ಚಾಪೆ. ಒಂದು ದಿನ ಪೂರ್ವಕ್ಕೆ ತಲೆ, ಒಂದು ದಿನ ಪಶ್ಚಿಮಕ್ಕೆ. ಎಚ್ಚರ ಇದ್ದಾಗ, ಯಾರಾದರೂ ಎದುರಿಗೆ ಕೂತಿದ್ದಾಗ, ದಿನಕ್ಕೆ ಹತ್ತಾರು ಸಲ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಮಲಗಿಸುವುದು. ನಿದ್ದೆಗೆ ಮಾತ್ರ ಅಂಗಾತವೇ. "ಪಡುವಣಕ್ಕಾದ್ರ ಅಡ್ಡಿಯಿಲ್ಲ," ಅಂತ ಕೊಟ್ರಮ್ಮ ಒಪ್ಪಿದಳು. ಊರಿನ ಮನಸ್ಸನ್ನೂ ನೋಯಿಸದೆ ಪುಸ್ತಕವನ್ನೂ ಬಿಡದೆ ಕೆಲಸ ಸಾಧಿಸಿದೆ ಅಂತ ನನಗೆ ಒಳಗೊಳಗೇ ಹೆಮ್ಮೆ.

ಮೂರು ವಾರ ಕಳೆಯಿತು. ಜೋಳದ ತೆನೆಯಲ್ಲಿ ಕಾಳು ಗಟ್ಟಿಯಾಗತೊಡಗಿತು. ಮಳೆ ಒಂದು ದಿನ ಬಂದರೆ ನಾಲ್ಕು ದಿನ ಇಲ್ಲ. ಮೂರನೇ ಸುತ್ತಿನ ಲಸಿಕೆಗೆ ನೆನಪಿಸಲು ಮಧ್ಯಾಹ್ನ ಅವರ ಮನೆಗೆ ಹೋದೆ. ಬಚ್ಚಲೊಲೆಗೆ ಹಿಂದಿನ ವರ್ಷದ ಬೆಂಡು ಹಾಕಿದ್ದರು, ಮನೆ ತುಂಬ ಆ ಸಿಹಿ ಹೊಗೆ. ಗಾಳೆಮ್ಮ ಆಗಷ್ಟೇ ಎರೆದು ಕೂಸನ್ನು ಚಾಪೆಯ ಮೇಲೆ ಹಾಕಿದ್ದಳು. ಅವತ್ತು ಪೂರ್ವಕ್ಕೆ ತಲೆ. ಕೂಸಿನ ಎಡಕ್ಕೆ ಅಡುಗೆಮನೆ, ಬಲಕ್ಕೆ ಗೊಬ್ಬರದ ಖಾಲಿ ಚೀಲ ಒಟ್ಟಿದ ಗೋಡೆ. ಅಡುಗೆಮನೆಯಿಂದ ಕೊಟ್ರಮ್ಮ ತಟ್ಟೆ ಬಡಿಯುತ್ತಾ, "ಯಾರವ್ವಾ ಅದು, ಯಾರು ಜಳಕ ಮಾಡಿದೋರು?" ಅಂತ ಕರೆಯುತ್ತಿದ್ದಳು.

ಕೂಸು ಗೋಡೆಯ ಕಡೆಗೇ ಮುಖ ಮಾಡಿತ್ತು. ತಟ್ಟೆಯ ಸದ್ದಿಗೆ ಅದರ ಕಣ್ಣುಗಳು ಎಡಕ್ಕೆ ಸರಿದವು, ಕಣ್ಣಿನ ತುದಿಗೆ ಬಂದು ನಿಂತವು. ತಲೆ ಅಲುಗಲಿಲ್ಲ. ಮತ್ತೆ ಕರೆದಳು. ಮತ್ತೆ ಕಣ್ಣು ಬಂತು. ಕಾಲು ಬಡಿಯಿತು, ಕೈ ಬಡಿಯಿತು, ಅಜ್ಜಿಯನ್ನು ನೋಡುವ ಆಸೆ ಮೈಯೆಲ್ಲ ಇತ್ತು.

"ಕಣ್ಣು ಬರ್ತಾವು, ಕುತ್ತಿಗಿ ಬರವಲ್ದು. ಅಲ್ಲನವ್ವಾ?" ಅಂದಳು ಗಾಳೆಮ್ಮ. ನನಗಲ್ಲ, ಕೂಸಿಗೆ.

ನಾನು ಚೀಲ ಕೆಳಗಿಟ್ಟು ಚಾಪೆಯ ಮೇಲೆ ಕೂತೆ. ಹುಟ್ಟಿದಾಗಿನಿಂದ ಮೊದಲ ಸಲ ಆ ಕೂಸಿನ ತಲೆಯನ್ನು ನನ್ನ ಕೈಯಲ್ಲಿ ಹಿಡಿದೆ. ಬಲಕ್ಕೆ ತಿರುಗಿಸಿದರೆ ಗದ್ದ ಹೆಗಲಿಗೆ ತಾಗುವಷ್ಟು ಸಲೀಸು. ಎಡಕ್ಕೆ ತಿರುಗಿಸಿದರೆ ಅರ್ಧಕ್ಕೆ ನಿಂತಿತು, ಕೂಸು ಮುಖ ಕಿವುಚಿ ಅತ್ತಿತು. ನೆಟ್ಟಗೆ ಎತ್ತಿ ಹಿಡಿದರೆ ತಲೆ ಎಡ ಹೆಗಲಿನ ಕಡೆ ಕೊಂಚ ವಾಲುತ್ತಿತ್ತು. ಎಡಗುತ್ತಿಗೆಯ ಸ್ನಾಯು ಬಿಗಿದುಕೊಂಡ ಕೂಸು ಇದು. ಬಾಗಿಲು ಎಲ್ಲಿದ್ದರೂ, ತೊಟ್ಟಿಲು ಹೇಗಿದ್ದರೂ ಇದಕ್ಕೆ ತಿರುಗಲು ಆಗುತ್ತಿರಲಿಲ್ಲ. ಇದು ನಾನು ಓದಿರದ ವಿಷಯವೇನಲ್ಲ. ಪುಸ್ತಕದ ಎಡಪುಟದ ಕೆಳಗೆ, ಚಿತ್ರದ ಪಕ್ಕ ಇತ್ತು. ಚಪ್ಪಟೆ ತಲೆ ಕಂಡರೆ ಮೊದಲು ಕುತ್ತಿಗೆ ನೋಡು ಅಂತ ನಾನೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೆ.

"ಅಜ್ಜಿ, ಯಾವಾಗಿಂದ ಹಿಂಗೈತಿ?"

"ಸೂಜಿ ಹಾಕಿದ ದಿನ ಹೇಳಿದ್ನೆಲ್ರೀ," ಅಂದಳು ಗಾಳೆಮ್ಮ. ಆ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ರೇಣುಕಾಳಿಂದ ಕಾರ್ಡು ಇಸಿದುಕೊಂಡು "ಸಹಜ" ಅನ್ನುವ ಪದಕ್ಕೆ ಗೀಟು ಹೊಡೆದೆ. ಕೆಳಗೆ "ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ, ಮಕ್ಕಳ ವೈದ್ಯರಿಗೆ ತೋರಿಸಬೇಕು" ಅಂತ ಬರೆದು ಮತ್ತೆ ಸಹಿ ಹಾಕಿದೆ. ಅವಳು ಎರಡು ಸಹಿಯನ್ನೂ ನೋಡಿದಳು.

"ಆಕ್ಕೈತಿ ಅಂದಿದ್ರಿ ನೀವು," ಅಂದಳು. ಕಣ್ಣು ತುಂಬಿತ್ತು.

"ಅಂದಿದ್ದೆ. ಕೂಸಿನ್ನ ಮುಟ್ಟದ ಅಂದಿದ್ದೆ. ತಪ್ಪಾತು." ಆಮೇಲೆ ಗಾಳೆಮ್ಮನ ಕಡೆ ತಿರುಗಿದೆ. ಅಂಗನವಾಡಿಯಲ್ಲಿ ಹತ್ತು ಜನರ ಮುಂದೆ ಅಂದದ್ದು, ಇಲ್ಲಿ ಮೂವರ ಮುಂದೆ ವಾಪಸು ತೆಗೆದುಕೊಂಡರೆ ಲೆಕ್ಕ ಸರಿಹೋಗುವುದಿಲ್ಲ ಅಂತ ಗೊತ್ತಿತ್ತು. ಆದರೂ, "ನಿನಗೂ ತಪ್ಪಾತು ಅಂತೀನಿ ಅಜ್ಜಿ," ಅಂದೆ.

"ತಪ್ಪು ಕಟ್ಕೊಂಡು ನಾ ಏನ್ ಮಾಡ್ಲಿ? ಬಸ್ಸು ಎಷ್ಟಕ್ಕೈತಿ ಹೇಳ್ರಿ," ಅಂದಳು ಅವಳು.

ಮರುದಿನ ಬೆಳಗಿನ ಬಸ್ಸಿಗೆ ನಾವು ನಾಲ್ವರೂ ಕೂಸಿನ ಜೊತೆ ಹರಪನಹಳ್ಳಿಗೆ ಹೋದೆವು. ಮಕ್ಕಳ ವೈದ್ಯರು ವಯಸ್ಸಾದವರು, ಮಾತು ಕಡಿಮೆ. ಕುಲಾಯಿ ತೆಗೆದು ತಲೆಯನ್ನು ಮೇಲಿನಿಂದ ನೋಡಿದರು. ನೆತ್ತಿ ಮುಟ್ಟಿದರು. ಎಲುಬಿನ ಕೂಡುಗಳ ಗುಂಟ ಬೆರಳು ಎಳೆದು, ಎಲ್ಲೂ ದಿಣ್ಣೆ ಎದ್ದಿಲ್ಲ, ಬೇಗ ಬೆಸೆದುಕೊಂಡಿಲ್ಲ, ಅದು ಬೇರೆಯೇ ರೋಗ, ಇದು ಅದಲ್ಲ ಅಂದರು. ಕಾಲು ಅಗಲಿಸಿ ಸೊಂಟದ ಕೀಲೂ ನೋಡಿದರು. ಇಂಥ ಕುತ್ತಿಗೆಯ ಕೆಲವು ಕೂಸುಗಳಿಗೆ ಅಲ್ಲೂ ತೊಂದರೆ ಇರುತ್ತದಂತೆ, ಇದಕ್ಕೆ ಇರಲಿಲ್ಲ. ಆಮೇಲೆ ಕೇಳಿದರು, "ಮೊದಲನೇ ತಿಂಗಳು ಕುತ್ತಿಗೆಯಲ್ಲಿ ಗಂಟು ಇತ್ತೇನಮ್ಮಾ?"

ರೇಣುಕಾ ಅವ್ವನ ಮುಖ ನೋಡಿದಳು. ಕೊಟ್ರಮ್ಮ ನನ್ನ ಮುಖ ನೋಡಿದಳು. ಕಾರ್ಡಿನಲ್ಲಿ ಅಂಥದ್ದೇನೂ ಇರಲಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಗಾಳೆಮ್ಮ ಅಂದಳು, "ಇತ್ರೀ ಸಾಹೇಬ್ರ. ಹದಿನೆಂಟು ದಿನದ ಕೂಸಿದ್ದಾಗ, ಎಡಗಡಿ, ಇಲ್ಲಿ. ಬಾರೀಹಣ್ಣಿನ ಬೀಜದಷ್ಟು. ಎಣ್ಣಿ ಹಚ್ಚುವಾಗ ಕೈಗೆ ಹತ್ತಿತ್ತು. ಈಗ ಕರಗೇತಿ."

ವೈದ್ಯರು ಬರೆಯುವುದು ನಿಲ್ಲಿಸಿ ತಲೆ ಎತ್ತಿದರು. "ಒತ್ತೀಯೇನು ತಲೇನ?"

ಗಾಳೆಮ್ಮ ನನ್ನ ಕಡೆ ನೋಡಲಿಲ್ಲ. "ನರ್ಸಮ್ಮ ಬ್ಯಾಡ ಅಂದ ಮ್ಯಾಲೂ ನಾಕು ದಿನ ಒತ್ತಿದೆರೀ, ಉಬ್ಬಿದ ಕಡಿಗೆ. ಸುಳ್ಳು ಯಾಕ್ ಹೇಳ್ಲಿ. ಆಮ್ಯಾಲ ಬಿಟ್ಟೆ. ಕುತ್ತಿಗಿ ನೋವಿಗೆ ತಲಿ ಒತ್ತಿದ್ರ ಏನ್ ಬಂತು ಅನ್ನಿಸ್ತು."

ಅವರು ನಕ್ಕರು, ಇನ್ನು ಮೇಲೆ ಬೇಡ ಅಂದರು. ರೇಣುಕಾ ಫೋನಿನಲ್ಲಿ ನೋಡಿದ್ದ ಟೊಪ್ಪಿಗೆಯ ವಿಷಯ ಕೇಳಿದಳು, ತಲೆ ದುಂಡು ಮಾಡುವ ಹೆಲ್ಮೆಟ್ಟು. ಈಗ ಅದರ ಮಾತೇ ಬೇಡ, ಇನ್ನೂ ನಾಲ್ಕು ತಿಂಗಳೂ ತುಂಬದ ಕೂಸು, ಕುತ್ತಿಗೆ ಬಿಟ್ಟರೆ ತಲೆ ತಾನೇ ದಾರಿಗೆ ಬರುತ್ತದೆ ಅಂದು ದಾವಣಗೆರೆಗೆ ಚೀಟಿ ಬರೆದರು.

ದಾವಣಗೆರೆಯ ಫಿಸಿಯೋಥೆರಪಿ ಕೋಣೆಯಲ್ಲಿದ್ದವಳು ನನ್ನ ವಯಸ್ಸಿನ ಹುಡುಗಿ. ಬಿಗಿದ ಸ್ನಾಯುವನ್ನು ಮೆಲ್ಲಗೆ ಎಳೆಯುವ ಎರಡು ಬಗೆ ತೋರಿಸಿದಳು. ಒಂದು ಕೈ ಹೆಗಲ ಮೇಲೆ ಊರಿ, ಇನ್ನೊಂದರಿಂದ ಮುಖವನ್ನು ನಿಧಾನ ಎಡಕ್ಕೆ ತಿರುಗಿಸಿ, ಹತ್ತು ಎಣಿಸುವವರೆಗೆ ಹಿಡಿದು, ಬಿಡುವುದು. ಹಾಗೇ ತಲೆಯನ್ನು ಬಲ ಹೆಗಲ ಕಡೆಗೆ ಬಾಗಿಸಿ ಹಿಡಿದು, ಬಿಡುವುದು. ಕೂಸು ಬಿಗಿಹಿಡಿದು ಅತ್ತರೆ ಅಲ್ಲಿಗೇ ನಿಲ್ಲಿಸಬೇಕು, ಜಗ್ಗಾಡಬಾರದು. ಎತ್ತಿಕೊಳ್ಳುವಾಗ, ಹಾಲು ಕುಡಿಸುವಾಗ, ಆಟಿಕೆ ತೋರಿಸುವಾಗ ಎಲ್ಲವೂ ಎಡಗಡೆಯಿಂದ. ರೇಣುಕಾ ಮಾಡಿ ನೋಡಿದಳು, ಹತ್ತು ಎಣಿಸುವ ಮೊದಲೇ ಕೈ ಬಿಟ್ಟಳು. ಕೊಟ್ರಮ್ಮ ಮಾಡಿದಳು, ಅವಸರ. ನಾನು ಮಾಡಿದೆ, ಸರಿಯಾಗಿಯೇ ಮಾಡಿದೆ, ಆದರೆ ದಿನಕ್ಕೆ ಮೂರು ನಾಲ್ಕು ಸಲ ನಾನು ಆ ಮನೆಯಲ್ಲಿ ಇರುವುದಿಲ್ಲವಲ್ಲ.

ಆ ಹುಡುಗಿ ಕೇಳಿದಳು, "ಜಳಕ ಆದಮೇಲೆ ಮೈ ಬೆಚ್ಚಗಿದ್ದಾಗ ಮಾಡಿದರೆ ಸ್ನಾಯು ಚೆನ್ನಾಗಿ ಬಿಡುತ್ತೆ. ಮಗುವಿಗೆ ಯಾರು ಎರೀತೀರಿ?"

ಗಾಳೆಮ್ಮ ಕೈ ಎತ್ತಿದಳು, ಶಾಲೆಯಲ್ಲಿ ಹಾಜರಿ ಹೇಳುವವರ ಹಾಗೆ.

ಅವಳ ಕೈಗೆ ಕೂಸು ಬಂದಾಗ ಆ ಕೋಣೆಯಲ್ಲಿ ಅಳು ಇರಲಿಲ್ಲ. ನೋಡಿ ಕಲಿತದ್ದನ್ನು ಒಂದೇ ಸಲಕ್ಕೆ ಮಾಡಿದಳು. ಕೈ ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಬೇಕು ಅಂತ ಅವಳಿಗೆ ಯಾರೂ ಹೇಳಿಕೊಡುವ ಅಗತ್ಯವಿರಲಿಲ್ಲ. ಒಂದೇ ತೊಂದರೆ, ಎಣಿಕೆ. "ಹತ್ತು ಎಣಸು ಅಂದ್ರ ನಾನು ಓಡಸ್ತೀನ್ರೀ, ಅಂಕಿ ಅಂದ್ರ ನನಗ ಅವಸರ," ಅಂದಳು. ಅವಳೇ ಉಪಾಯ ಹುಡುಕಿದಳು. ಬಸ್ಸಿನಲ್ಲಿ ಊರಿಗೆ ಮರಳುವಾಗ ಕೂಸಿನ ಕಿವಿಯಲ್ಲಿ ಊರುಗಳ ಹೆಸರು ಹೇಳುತ್ತಾ ಬಂದಳು, ಒಂದು ಉಸಿರಿಗೆ ಒಂದು ಊರು. ನೀಲಗುಂದ, ಬಾಗಳಿ, ಹರಪನಹಳ್ಳಿ, ಚಿಗಟೇರಿ, ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಮೈಲಾರ. ಹತ್ತು.

"ಹಗರಿಬೊಮ್ಮನಹಳ್ಳಿ ಒಂದಕ್ಕ ಎರಡು ಉಸಿರು ಬೇಕಲ್ಲ ಅಜ್ಜಿ," ಅಂದೆ.

"ದೂರದ ಊರು, ನಿಧಾನ ಹೋದ್ರ ಏನಾತು? ನಿಮ್ಮೂರು ಒಂಬತ್ತನೇದು. ನೀವು ಮೊದ್ಲ ಮಾತಿಗೆ ಕೇಳಿದ್ರ ಮೊದಲ್ನೇದು ಮಾಡ್ತಿದ್ದೆ," ಅಂದಳು. ಅವತ್ತು ಅವಳು ನನ್ನ ಮೇಲೆ ತೀರಿಸಿಕೊಂಡದ್ದು ಅಷ್ಟೇ.

ಅಲ್ಲಿಂದ ಮುಂದೆ ಎರಡು ತಿಂಗಳು ನಡೆದದ್ದು ಬರೀ ಕೆಲಸ. ಬೆಳಿಗ್ಗೆ ಎರೆದ ಮೇಲೆ ಹತ್ತು ಊರು, ಐದು ಸಲ. ಮಧ್ಯಾಹ್ನ ರೇಣುಕಾ, ಸಂಜೆ ಮತ್ತೆ ಗಾಳೆಮ್ಮ. ಕೊಟ್ರಮ್ಮ ಹೊಲಕ್ಕೆ ಹೋಗುವ ಮುಂಚೆ ಕೂಸನ್ನು ಚಾಪೆಯ ಮೇಲೆ ಬೋರಲು ಹಾಕಿ ಎಡಗಡೆ ಕೂತು ತಟ್ಟೆ ಬಡಿಯುತ್ತಿದ್ದಳು. ಕೂಸು ಮೊದಮೊದಲು ಮೂಗು ಉಜ್ಜಿ ಅರಚುತ್ತಿತ್ತು, ಆಮೇಲೆ ಮೊಣಕೈ ಊರಿ ತಲೆ ಎತ್ತಿತು. ನಾನು ವಾರಕ್ಕೊಮ್ಮೆ ಹೋಗಿ ಮುಖ ಎಷ್ಟು ತಿರುಗುತ್ತದೆ ಅಂತ ನೋಡಿ ಬರೆದುಕೊಳ್ಳುತ್ತಿದ್ದೆ. ಮೊದಲ ಎರಡು ವಾರ ಏನೂ ಇಲ್ಲ. ಆ ಎರಡು ವಾರ ನನಗೆ ಊಟ ಸರಿ ಸೇರಲಿಲ್ಲ. ಮೂರನೇ ವಾರ ಒಂದಿಷ್ಟು. ಐದನೇ ವಾರ ಇನ್ನೊಂದಿಷ್ಟು. ತಲೆಯ ಚಪ್ಪಟೆ ಮಾತ್ರ ಹಾಗೇ ಇತ್ತು, ಅದು ಕುತ್ತಿಗೆಯಷ್ಟು ಬೇಗ ಕೇಳುವುದಿಲ್ಲ.

ದಿನ ಮಾತ್ರ ನಿಲ್ಲಲಿಲ್ಲ. ತೆನೆ ಮುರಿದು, ಯಂತ್ರಕ್ಕೆ ಹಾಕಿ, ಊರ ಮುಂದಿನ ರಸ್ತೆಯಲ್ಲಿ ಅರ್ಧ ದಾರಿ ಬಿಟ್ಟು ಅರ್ಧ ದಾರಿ ಮೆಕ್ಕೆಜೋಳ ಒಣಹಾಕಿದ್ದಾಗ ಕ್ರೂಸರ್ ಗಾಡಿಯೊಂದು ಜೋಳದ ಮಗ್ಗುಲಲ್ಲೇ ತೆವಳಿಕೊಂಡು ಬಂದು ನಿಂತಿತು. ಕೊಟ್ಟೂರಿನವರು. ರೇಣುಕಾ ನನಗೆ ಹೇಳಿ ಕಳಿಸಿದ್ದಳು. ನೀವು ಇರಬೇಕು, ಹೇಳುವುದಿದ್ದರೆ ನೀವೇ ಹೇಳಬೇಕು ಅಂತ. ನಾನು ಹೋಗುವ ಹೊತ್ತಿಗೆ ಅತ್ತೆ ಶಿವಗಂಗಮ್ಮ ಕಂಬಕ್ಕೆ ಒರಗಿ ಕೂತಿದ್ದರು, ತೊಡೆಯ ಮೇಲೆ ಕೂಸು, ಕೂಸಿನ ತಲೆಯ ಮೇಲೆ ಕುಲಾಯಿ. ಗಾಳೆಮ್ಮ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಶಿವಗಂಗಮ್ಮ ಕುಲಾಯಿಯ ದಾರ ಎಳೆದರು.

ಹಿಂದಲೆಯ ಮೇಲೆ ಅಂಗೈ ಆಡಿಸಿದರು. ಎಡಕ್ಕೆ, ಬಲಕ್ಕೆ. ರೇಣುಕಾ ಸೆರಗಿನ ತುದಿ ಹಿಂಡುತ್ತಿದ್ದಳು.

"ಈ ಸೆಕಿಯಾಗ ಕೂಸಿನ ತಲಿ ಯಾಕ ಬೇಯಸಾಕತ್ತೀರಿ?" ಅಂದರು ಶಿವಗಂಗಮ್ಮ. "ಎರಡು ತಿಂಗಳ ಕೂಸಿದ್ದಾಗ್ಲೆ ಫೋನಿನ್ಯಾಗ ಕಂಡೈತಿ ನನಗ, ಮಾರಿ ಒಂದ ಕಡಿ ಇರ್ತೈತಿ ಅಂತ. ನೀವಾಗ ಹೇಳ್ತೀರೇನೋ ಅಂತ ಸುಮ್ಮನಿದ್ದೆ. ಹೇಳವಲ್ರಿ."

ನಾನು ಹೇಳಿದೆ. ಸಿಂಬಿಯಿಂದ ಹಿಡಿದು ಗೀಟು ಹೊಡೆದ ಪದದವರೆಗೆ ಎಲ್ಲ, ಯಾರು ಮೊದಲು ನೋಡಿದ್ದು, ಯಾರು ಕೇಳಲಿಲ್ಲ ಅನ್ನುವುದನ್ನೂ ಬಿಡದೆ. ಮುಗಿದ ಮೇಲೆ ಅವರು ರೇಣುಕಾಳ ಕಡೆ ತಿರುಗಿ, "ತಲಿ ನೋಡಿ ಕೂಸು ಬಿಟ್ಟು ಹೊಕ್ಕೀನಿ ಅಂದ್ಕೊಂಡಿದ್ಯೇನು ನೀನು?" ಅಂದರು. ರೇಣುಕಾ ಜೋರಾಗಿ ಅತ್ತುಬಿಟ್ಟಳು. ಅಷ್ಟು ದಿನ ಹಿಡಿದಿಟ್ಟ ಅಳು.

ಶಿವಗಂಗಮ್ಮ ಅವಳನ್ನು ಅಳಲು ಬಿಟ್ಟು ಗಾಳೆಮ್ಮನನ್ನು ಕರೆದರು. "ಏನು ಮಾಡಬೇಕು ನನಗ ಕಲಿಸ್ರಿ. ಅಲ್ಲಿ ಎರಿಯೋಕಿ ನಾನ."

ಆ ಪಾಠ ಒಂದು ತಾಸು ನಡೆಯಿತು. ಊರುಗಳ ಎಣಿಕೆಯಲ್ಲಿ ಮಾತ್ರ ತಕರಾರು ಬಂತು. "ಕೊಟ್ಟೂರು ಆರನೇದಾ? ಮೊದ್ಲು ಕೊಟ್ಟೂರು ಬರಬೇಕು," ಅಂದರು ಶಿವಗಂಗಮ್ಮ. "ನಿಮ್ಮನ್ಯಾಗ ನೀವು ಮೊದ್ಲು ಹಾಕ್ಕೊರ್ರಿ. ಹತ್ತು ಬಂದ್ರ ಸಾಕು," ಅಂದಳು ಗಾಳೆಮ್ಮ. ಗಾಡಿ ಹೊರಟಾಗ ಕುಲಾಯಿ ಚಾಪೆಯ ಮೇಲೇ ಉಳಿದಿತ್ತು.

ಬಿಸಿಲು ಏರಿದ ಮೇಲೆ, ಕೂಸಿಗೆ ಹತ್ತು ತಿಂಗಳಾದಾಗ, ಒಂದು ಭಾನುವಾರ ನಾನೇ ಕೊಟ್ಟೂರಿಗೆ ಹೋದೆ. ಆಸ್ಪತ್ರೆಯ ಕೆಲಸವಲ್ಲ. ನೋಡದೆ ಇರಲು ಆಗಲಿಲ್ಲ. ಕೂಸು ಪಡಸಾಲೆಯಲ್ಲಿ ಕೂತು ಸ್ಟೀಲಿನ ಲೋಟ ನೆಲಕ್ಕೆ ಕುಟ್ಟುತ್ತಿತ್ತು. ಕೂದಲು ಬಂದಿತ್ತು. ಹಿಂದಲೆಯ ಚಪ್ಪಟೆ ಪೂರ್ತಿ ಹೋಗಿರಲಿಲ್ಲ. ಕೈಯಾಡಿಸಿದರೆ ತಿಳಿಯುತ್ತಿತ್ತು, ಕಣ್ಣಿಗೆ ಅಷ್ಟಾಗಿ ಇಲ್ಲ. ನಾನು ಅದರ ಎಡಗಡೆಗೆ, ಸ್ವಲ್ಪ ಹಿಂದಕ್ಕೆ ನಿಂತು ಹೆಸರು ಹಿಡಿದು ಕರೆದೆ.

"ಸಿಂಚನಾ."

ತಲೆ ತಿರುಗಿತು. ಗದ್ದ ಹೆಗಲಿಗೆ ಬರುವಷ್ಟು. ನನ್ನನ್ನು ನೋಡಿ, ಗುರುತು ಸಿಗದೆ, ಮತ್ತೆ ಲೋಟ ಕುಟ್ಟಲು ಹೋಯಿತು. ನನಗೆ ಅಳು ಬಂತು. ಕರವಸ್ತ್ರ ತಂದಿರಲಿಲ್ಲ, ವೇಲಿನಲ್ಲೇ ಒರೆಸಿಕೊಂಡೆ. ಶಿವಗಂಗಮ್ಮ ನೀರು ತಂದುಕೊಟ್ಟರು.

ಮರುದಿನ ಗಾಳೆಮ್ಮನನ್ನು ಹುಡುಕಿಕೊಂಡು ಹೋದೆ. ಬೇರೆ ಮನೆಯ ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದಳು.

"ತಿರುಗಿ ನೋಡಿತು ಅಜ್ಜಿ."

"ಎಡಕ್ಕ?"

"ಎಡಕ್ಕ."

"ಹೂಂ," ಅಂದಳು. ಒಲೆಗೆ ಇನ್ನೆರಡು ಬೆಂಡು ಹಾಕಿದಳು. ಹೊಗೆ ಎದ್ದು ಇಬ್ಬರ ಮುಖಕ್ಕೂ ಬಂತು. ಅವಳು ಕಣ್ಣು ಒರೆಸಿಕೊಂಡದ್ದು ಆ ಹೊಗೆಗಲ್ಲ, ಆ ಹೊಗೆ ಕಣ್ಣು ಉರಿಸುವುದಿಲ್ಲ.

ಈಗ ಗಾಳೆಮ್ಮ ಎರೆಯಲು ಹೋಗುವುದಿಲ್ಲ, ಮೊಣಕಾಲು ಮಡಚಲು ಆಗುವುದಿಲ್ಲವಂತೆ. ನನಗೂ ವರ್ಗವಾಗಿ ಎರಡು ವರ್ಷವಾಯಿತು.

ಕಳೆದ ತಿಂಗಳು ಆ ಮನೆಯ ಹೊಸ್ತಿಲಲ್ಲಿ ಒಂದು ಕಾಲಲ್ಲಿ ನಿಂತದ್ದು ಇಷ್ಟಕ್ಕೆ. ಒಳಗೆ ಹೋದೆ. ಬಾಣಂತಿ ಎದ್ದು ಕೂತಳು. ಗಂಡ ಫೋನಿನಲ್ಲಿ ತೆಗೆದ ಫೋಟೋ ತೋರಿಸಲು ಬಂದ. ಅಜ್ಜಿ ಕಾರ್ಡು ತಂದು ಕೈಗಿಟ್ಟಳು. ಮೂವರೂ ಒಟ್ಟಿಗೆ ಮಾತು ಶುರುಮಾಡಿದರು.

"ಕೂಸಿಗೆ ಯಾರು ಎರೀತಾರ?" ಅಂತ ಕೇಳಿದೆ.

ಮೂವರೂ ಬಚ್ಚಲ ಕಡೆ ತಿರುಗಿದರು. ಅಲ್ಲಿಂದ ಒಬ್ಬ ಹೆಂಗಸು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಬಂದು ಗೋಡೆಯ ಹತ್ತಿರವೇ ನಿಂತಳು.

"ನಾನ್ರೀ," ಅಂದಳು. "ತಲಿ ಒತ್ತಂಗಿಲ್ರೀ ನಾ. ಬಿಟ್ಟೀನ್ರೀ."

"ಅದಕ್ಕಲ್ಲ," ಅಂದೆ. ಚಾಪೆಯ ಮೇಲೆ ಸರಿದು ಜಾಗ ಮಾಡಿದೆ. "ಬರ್ರಿ, ಇಲ್ಲಿ ಕೂಡ್ರಿ. ಈ ಕೂಸಿನ ಬಗ್ಗೆ ನಿಮ್ಮ ಕೈಗೆ ಏನೇನು ತಿಳದೈತಿ, ಎಲ್ಲಾ ಹೇಳ್ರಿ."

ಅವಳು ನಂಬದವಳಂತೆ ಅಂಚಿನಲ್ಲಿ ಕೂತಳು. ನಾನು ಪೆನ್ನಿನ ಮುಚ್ಚಳ ತೆಗೆದು, ಅವತ್ತಿನ ಸಾಲಿನಲ್ಲಿ ಇನ್ನೂ ಏನನ್ನೂ ಬರೆಯದ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕಾದೆ.